ಮರುಪಾವತಿಯೊಳಗೆ ಸೇರಿದ ಅಪ್ಪನ ಗದ್ದೆ

ಹೊಸಪೇಟೆಯ ತೆರಿಗೆ ಕಚೇರಿ ಎಂದರೆ ನನಗೆ ಇಂದಿಗೂ ಮೊದಲು ಕೇಳಿಸುವುದು ಒಂದು ಲಾರಿಯ ಹಾರ್ನ್.

ಎಂಬತ್ತರ ದಶಕದ ಮಾತು. ಯಶವಂತನಗರದ ಗಣಿ ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದೆ. ವಿಮೆಯ ರಸೀದಿಯನ್ನು ತಡವಾಗಿ ಕೊಟ್ಟಿದ್ದರಿಂದ ಆ ವರ್ಷ ಸಂಬಳದಲ್ಲಿ ತೆರಿಗೆ ಹೆಚ್ಚು ಮುರಿದಿದ್ದರು. ಅದು ಮರಳಿ ಬಂದರೆ ಹೆಂಡತಿಯ ಶಿಕ್ಷಕರ ತರಬೇತಿಗೆ ಫೀಸು ಕಟ್ಟುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಬಂತು, ಆದರೆ ಫೀಸಿಗೆ ಸಾಲದಷ್ಟು. ಕಾಮರ್ಸ್ ಓದಿದವನು ನಾನು. ಎಷ್ಟು ಸಲ ಕೂಡಿಸಿದರೂ ಅವರದೇ ತಪ್ಪು ಕಾಣುತ್ತಿತ್ತು. ಫೀಸಿನ ಗಡುವು ಹತ್ತಿರವಿತ್ತು. ಕಾಗದಗಳನ್ನು ಹಿಡಿದು ಹೊಸಪೇಟೆಗೆ ಹೋಗುವ ಕಂಪನಿ ಬಸ್ಸು ಹತ್ತಿದೆ.

ಘಾಟಿ ಇಳಿಯುವಾಗ ಹಿಂದಿನಿಂದ ಹಾರ್ನ್ ಶುರುವಾಯಿತು, ನಿಲ್ಲಲೇ ಇಲ್ಲ. ಅದಿರು ತುಂಬಿದ ಲಾರಿ, ಬ್ರೇಕ್ ಹೋಗಿತ್ತು. ನಮ್ಮ ಡ್ರೈವರ್ ಬಸ್ಸನ್ನು ಅಂಚಿಗೆ ಒತ್ತಿದ. ಲಾರಿ ನನ್ನ ಕಿಟಕಿಯನ್ನು ಸವರಿಕೊಂಡಂತೆ ಹೋಗಿ ಮುಂದಿನ ತಿರುವಿನಲ್ಲಿ ಗುಡ್ಡಕ್ಕೆ ಬಡಿದು ಮಗುಚಿತು. ಅದರ ಡ್ರೈವರ್ ತಾನೇ ಹೊರಗೆ ತೆವಳಿ ಬಂದು ರಸ್ತೆಯ ಮೇಲೆ ಕುಳಿತ. ಮೈಯೆಲ್ಲ ಕೆಂಪು, ಯಾವುದು ಧೂಳು, ಯಾವುದು ರಕ್ತ ಎಂದು ತಿಳಿಯಲಿಲ್ಲ. ಅವನನ್ನು ಆಸ್ಪತ್ರೆಗೆ ಕಳಿಸಿ ನಾವು ಮುಂದೆ ಹೊರಟೆವು.

ಕಚೇರಿಯಲ್ಲಿ ಕಾಗದಗಳನ್ನು ಚಾಚಿದಾಗ ಅವುಗಳ ಮೇಲೂ ಕೆಂಪು ಧೂಳು ಕೂತಿತ್ತು.

"ಧೂಳ ಝಾಡಿಸಿ ಕೊಡ್ರಿ ಸಾರ್," ಎಂದ ಅಲ್ಲಿಯ ಗುಮಾಸ್ತ, ನನ್ನ ಫಾರಂ ಬಿಡಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟ. "ಇದ್ಯಾವ ಗದ್ದಿ?"

"ಕಂಪ್ಲಿ ಕಾಲುವಿ ಗದ್ದಿ. ನಮ್ದ."

"ಪಹಣಿ ಯಾರ ಹೆಸರ್ಲೆ ಐತಿ?"

"ಅಪ್ಪನ ಹೆಸರ್ಲೆ."

"ಮತ್ತ ನಿಮ್ಮ ಫಾರಂಗ ಯಾಕ ತಂದ್ರಿ? ಭತ್ತಕ್ಕ ತೆರಿಗಿ ಇಲ್ಲ ಖರೆ. ಆದ್ರ ಅದನ್ನ ಸಂಬಳದ ಜೋಡಿ ಹಿಡದು ದರ ಏರಸ್ತಾರ. ಕೂಡಿಸಿದ್ದು ಸರಿ ಐತಿ. ನೀವು ಬರದದ್ದ ಹಂಗ." ಗದ್ದೆ ತನ್ನದೆಂದು ಅಪ್ಪ ಬರೆದುಕೊಟ್ಟ ಪತ್ರ ಮತ್ತು ಪಹಣಿ ತಂದರೆ ತಿದ್ದಿಸಬಹುದು ಎಂದ.

ನಮ್ಮಂಥ ಮನೆಗಳಲ್ಲಿ ಪಾಲಾಗುವ ತನಕ ಗದ್ದೆ ಯಾರದೆಂದು ಯಾರೂ ಕೇಳುವುದಿಲ್ಲ. ಫಾರಂ ತುಂಬುವಾಗ ಅಪ್ಪ ಪಕ್ಕದಲ್ಲೇ ಕುಳಿತು, "ಎರಡೂ ಬೆಳಿ ಬರಿ. ಮುಚ್ಚಿಡಾಕ ನಾವೇನು ಕಳ್ಳರಾ?" ಎಂದಿದ್ದರು. ಬರೆದಿದ್ದೆ.

ಆ ಭಾನುವಾರವೇ ಹೆಂಡತಿಯೊಡನೆ ಕಂಪ್ಲಿಗೆ ಹೋದೆ. ಅಪ್ಪ ಪಹಣಿ ತೆಗೆಯಲೇ ಇಲ್ಲ.

"ಗದ್ದಿ ನನ್ನೊಬ್ಬಂದ ಅಂತ ಬರಕೊಟ್ರ ನಿನ್ನ ಬ್ಯಾರೆ ಹಾಕಿದಂಗ ಆಗ್ತದ. ನಾನಿನ್ನೂ ಗಟ್ಟಿ ಅದೀನಿ."

"ಇದು ಪಾಲಲ್ಲಪ್ಪ, ಬರೇ ಲೆಕ್ಕ."

"ಲೆಕ್ಕದಿಂದನ ಪಾಲು ಶುರು ಆಗೋದು."

ಹೆಂಡತಿ ಬಾಗಿಲ ಬಳಿ ನಿಂತು ಹೇಳಿದಳು: "ಮಾವಾರ, ಅನ್ನ ಉಂಡೋರು ಮನಿಮಂದಿಯೆಲ್ಲ. ತೆರಿಗಿ ಮಾತ್ರ ನನ್ನ ಫೀಸಿನ್ಯಾಗ ಮುರದಾರ್ರಿ."

ಅಪ್ಪ ನಕ್ಕರು, ಆದರೂ ಏಳಲಿಲ್ಲ. ನನಗೆ ತಡೆಯಲಾಗಲಿಲ್ಲ. ಲಾರಿಯ ಸಂಗತಿಯನ್ನೆಲ್ಲ ಹೇಳಿಬಿಟ್ಟೆ. ಅಪ್ಪ ಎದ್ದು ಒಳಗೆ ಹೋಗಿ ಪಹಣಿ ತಂದು ನನ್ನ ಹೆಂಡತಿಯ ಕೈಗೆ ಕೊಟ್ಟರು. ಪತ್ರಕ್ಕೂ ಸಹಿ ಹಾಕಿದರು. "ಟಪಾಲಿಗೆ ಹಾಕ್ರಿ. ಆ ಘಾಟಿ ಮತ್ತ ಇಳೀಬ್ಯಾಡ," ಎಂದರು.

ಟಪಾಲನ್ನು ನಂಬುವಷ್ಟು ದಿನ ಉಳಿದಿರಲಿಲ್ಲ. ಮತ್ತೆ ಅದೇ ಬಸ್ಸು ಹತ್ತಿದೆ. ಘಾಟಿಯುದ್ದಕ್ಕೂ ಮುಂದಿನ ಸೀಟಿನ ಕಂಬಿ ಹಿಡಿದು ಕುಳಿತಿದ್ದೆ. ಕಿವಿಯೆಲ್ಲ ಹಿಂದಕ್ಕೇ ಇತ್ತು. ಆ ತಿರುವಿನಲ್ಲಿ ಅದಿರು ಇನ್ನೂ ಚೆಲ್ಲಿಕೊಂಡು ಬಿದ್ದಿತ್ತು. ಗುಮಾಸ್ತ ಕಾಗದ ತೆಗೆದುಕೊಂಡು, "ಆಗ್ತದ್ರಿ, ಸ್ವಲ್ಪ ಟೈಮ್ ಹಿಡೀತದ," ಎಂದ.

ಉಳಿದ ಹಣ ಬರುವಷ್ಟರಲ್ಲಿ ತರಬೇತಿಯ ಸೀಟು ಬೇರೆಯವರ ಪಾಲಾಗಿತ್ತು. ಹಣದ ಜೊತೆ ಬೇಸಿಗೆಯಲ್ಲಿ ಬಂದ ತೆರಿಗೆ ಕಚೇರಿಯ ಲೆಕ್ಕದ ಕಾಗದವನ್ನು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ನನ್ನ ಲೆಕ್ಕದೊಂದಿಗೆ ತಾಳೆ ನೋಡಿದೆ.

"ಸರಿ ಐತೇನ್ರಿ?" ಎಂದಳು ಹೆಂಡತಿ.

"ರೂಪಾಯಿಗೆ ರೂಪಾಯಿ ಸರಿ ಐತಿ."

ಅವಳು ಒಲೆಯ ಮುಂದಿನಿಂದ ತಿರುಗಲಿಲ್ಲ. "ಹಂಗಾರ ನನ್ನ ಒಂದು ವರ್ಷ ಯಾವ ಸಾಲಿನ್ಯಾಗ ಹಿಡದಾರ, ಅದನ್ನೂ ಒಂದೀಟು ನೋಡ್ರಿ," ಎಂದಳು.