ಮಾಯಣ್ಣ ಬರೆದ ಜೀವಕೋಶ

ತಿಪಟೂರಿನ ಅಂಗಡಿ ಬೋರ್ಡುಗಳಲ್ಲಿ ಅರ್ಧಕ್ಕರ್ಧ ಮಾಯಣ್ಣನ ಕೈಬರಹ. ಕೊಬ್ಬರಿ ಮಂಡಿಯ ಹೆಸರು, ಸೈಕಲ್ ಶಾಪಿನ ಹೆಸರು, ಲಾರಿಯ ಹಿಂದಿನ ಹಸು-ಕರು, ಎಲ್ಲ ಅವನದೇ. ಅವನಿಗಿದ್ದ ಒಂದೇ ಕೆಟ್ಟ ಅಭ್ಯಾಸವೆಂದರೆ ಇದ್ದದ್ದಕ್ಕಿಂತ ಚಂದ ಮಾಡಿ ಬರೆಯುವುದು. ದಿನಸಿ ಅಂಗಡಿಯ ಶಂಭುಲಿಂಗಯ್ಯನವರು ತೀರಿಹೋದ ತಂದೆಯ ಚಿತ್ರ ಬರೆಸಿದಾಗ ಆ ಹಿರಿಯರ ಮೆಳ್ಳೆಗಣ್ಣನ್ನು ನೆಟ್ಟಗೆ ಮಾಡಿಬಿಟ್ಟಿದ್ದ. ಶಂಭುಲಿಂಗಯ್ಯನವರ ತಾಯಿ ಚಿತ್ರ ನೋಡಿ, "ಯಾರಪ್ಪಾ ಇವ್ರು?" ಎಂದು ಕೇಳಿದ್ದರು.

1979ರ ಬೇಸಿಗೆ ರಜೆಯಲ್ಲಿ ಜೀವಶಾಸ್ತ್ರದ ಉಪನ್ಯಾಸಕಿ ಗಿರಿಜಾಂಬಿಕಾ ಅವನನ್ನು ಕಾಲೇಜಿಗೆ ಕರೆಸಿದರು. ಜೀವಕೋಶದ ಹಳೆಯ ಪಟವನ್ನು ಗೆದ್ದಲು ತಿಂದುಹಾಕಿತ್ತು. ಪ್ರಯೋಗಶಾಲೆಯ ಗೋಡೆಯ ಮೇಲೇ ದೊಡ್ಡದಾಗಿ ಬರೆಸಿಬಿಡೋಣವೆಂದು ಪುಸ್ತಕದ ಒಂದು ಪುಟ ತೋರಿಸಿ ಅವರು ಊರಿಗೆ ಹೋದರು.

ವಾರ ಬಿಟ್ಟು ಬಂದಾಗ ಗೋಡೆ ಫಳಫಳ ಹೊಳೆಯುತ್ತಿತ್ತು. ಬಣ್ಣ, ಗೆರೆ, ಎಲ್ಲ ಅಚ್ಚುಕಟ್ಟು. ಆದರೆ ಗಿರಿಜಾಂಬಿಕಾ ಹತ್ತಿರ ಹೋಗಿ ಹುಡುಕತೊಡಗಿದರು.

"ಮಾಯಣ್ಣ, ಪುಸ್ತಕದಲ್ಲಿ ಸಣ್ಣ ಸಣ್ಣ ಚುಕ್ಕಿ ಇದ್ವಲ್ಲ, ಎಲ್ಲಿ?"

"ಅವಾ? ಅಚ್ಚಿನ ಮಸಿ ಸಿಡಿದೈತೆ ಅಂದ್ಕಂಡೆ ಮೇಡಮ್ಮಾರೆ. ಗಲೀಜು ಯಾಕೆ ಅಂತ ಬುಟ್ಬುಟ್ಟೆ."

ಗಿರಿಜಾಂಬಿಕಾ ಸ್ಟೂಲಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅವು ರೈಬೋಸೋಮ್ ಕಣ್ರೀ! ನಿಮ್ಮ ಮೀಸೆ, ಉಗುರು, ತೋಳಿನ ಮಾಂಸ ಎಲ್ಲದರಲ್ಲೂ ಪ್ರೋಟೀನಿದೆ. ಅದನ್ನ ಕಟ್ಟೋದೇ ಆ ಚುಕ್ಕಿಗಳು."

ಮಾಯಣ್ಣ ಮೀಸೆ ಮುಟ್ಟಿಕೊಂಡ. "ಹೆಂಗೆ ಕಟ್ತವೆ?"

"ಇದು ಜೊಲ್ಲು ಸುರಿಸೋ ಜೀವಕೋಶ ಅಂದ್ಕೊಳ್ಳಿ. ಆ ಜೊಲ್ಲಲ್ಲಿ ಹಿಟ್ಟು ಕರಗಿಸೋ ಒಂದು ಪ್ರೋಟೀನಿದೆ. ಅದನ್ನ ಹೇಗೆ ಕಟ್ಟಬೇಕು ಅನ್ನೋ ಬರಹ ನಡುವಿನ ಕೋಶಕೇಂದ್ರದಲ್ಲಿರುತ್ತೆ. ಮೂಲ ಅಲ್ಲೇ ಉಳಿದು, ನಕಲು ಮಾತ್ರ ಹೊರಗೆ ಬರುತ್ತೆ. ರೈಬೋಸೋಮ್ ನಕಲನ್ನ ಓದ್ಕೊಂಡು ಅಮೈನೋ ಆಮ್ಲಗಳನ್ನ ಒಂದರ ಹಿಂದೆ ಒಂದು ಪೋಣಿಸುತ್ತೆ. ಆ ಸರ ಈ ಪದರ ಪದರವಾದ ಜಾಲದೊಳಗೆ ಇಳಿದು, ಮಡಚಿಕೊಂಡು ತನ್ನ ಆಕಾರಕ್ಕೆ ಬರುತ್ತೆ. ಆಮೇಲೆ ಗಾಲ್ಜಿ ಅನ್ನೋ ಈ ತಟ್ಟೆಗಳ ಅಟ್ಟಿಗೆ. ಅಲ್ಲಿ ತಿದ್ದಿ ತೀಡಿ, ಸಣ್ಣ ಚೀಲಕ್ಕೆ ತುಂಬಿ ಅಂಚಿಗೆ ಕಳಿಸುತ್ತೆ. ಚೀಲ ಅಂಚಿಗೆ ತಾಗಿ ಬಾಯಿ ಬಿಡ್ತು ಅಂದ್ರೆ ಪ್ರೋಟೀನು ಹೊರಗೆ."

"ಚುಕ್ಕಿ ಎಲ್ಲಾ ಜಾಲಕ್ಕೇ ಅಂಟ್ಕಂಡಿರ್ತವಾ?"

"ಇಲ್ಲ, ಬಿಡಿಯಾಗಿ ಇರೋವೂ ಉಂಟು. ಅವು ಹೆಚ್ಚಾಗಿ ಜೀವಕೋಶದ ಒಳಗಿನ ಬಳಕೆಗೇ ಕಟ್ತವೆ."

ಅಂದು ಮನೆಯಲ್ಲಿ ಊಟಕ್ಕೆ ಕುಳಿತ ಮಾಯಣ್ಣ ತುತ್ತು ಮುರಿದವನು ಹಾಗೇ ತಟ್ಟೆ ನೋಡುತ್ತಾ ಕುಳಿತ. "ಈಗ ನನ್ನ ಬಾಯೊಳ್ಗೆ ಏನ್ ನಡೀತೈತೆ ಗೊತ್ತೇನೇ?" ಎಂದು ಹೆಂಡತಿ ರಾಮಲಕ್ಷ್ಮಮ್ಮನನ್ನು ಕೇಳಿದ.

"ಮಾತು ನಡೀತೈತೆ. ಮುದ್ದೆ ಆರೋಯ್ತು, ಉಣ್ಣು," ಎಂದಳು ಅವಳು.

ಮರುದಿನದಿಂದ ಮಾಯಣ್ಣ ಸಣ್ಣ ಕುಂಚ ಹಿಡಿದು ಚುಕ್ಕಿ ಇಡತೊಡಗಿದ. ಕತ್ತು ಹಿಡಿದುಕೊಂಡರೂ ಬಿಡಲಿಲ್ಲ. ನಿಂತ ಚಿತ್ರದಲ್ಲಿ ಸಾಗುವ ಪ್ರೋಟೀನನ್ನು ಹೇಗೆ ತೋರಿಸುವುದೆಂದು ಗಿರಿಜಾಂಬಿಕಾ ಯೋಚಿಸಿದಾಗ, ಒಂದೇ ಸರವನ್ನು ಕೆಂಪು ಬಣ್ಣದಲ್ಲಿ ಹೆಜ್ಜೆಹೆಜ್ಜೆಗೂ ಬರೆಯೋಣವೆಂದ. ಅವರಿಗೂ ಹಿಡಿಸಿತು. ರಜೆ ಮುಗಿದು ಬಂದ ಕಾಲೇಜಿನ ಹುಡುಗಿಯರು ಪುಸ್ತಕದ ಚೀಲ ಬದಿಗೆಸೆದು ಮೊದಲು ಆ ಕೆಂಪು ದಾರಿಯನ್ನೇ ಬೆರಳಲ್ಲಿ ಹಿಂಬಾಲಿಸಿದರು.

ಪ್ರಾಯೋಗಿಕ ಪರೀಕ್ಷೆಗೆ ಚಿಕ್ಕನಾಯಕನಹಳ್ಳಿಯಿಂದ ಬಂದ ಪರೀಕ್ಷಕರು ರೇವಣಸಿದ್ದಯ್ಯ. ಬಾಗಿಲಲ್ಲೇ ನಿಂತು, "ಉತ್ತರ ಎಲ್ಲಾ ಗೋಡೆ ಮೇಲೇ ಐತಲ್ರೀ! ಮೊದಲು ಮುಚ್ಚಿಸಿ," ಎಂದರು. ಅಷ್ಟು ದೊಡ್ಡ ಬಟ್ಟೆ ಎಲ್ಲಿಂದ ತರುವುದು? ಮಾಯಣ್ಣನಿಗೆ ಹೇಳಿಕಳಿಸಿದರು. ಟೂರಿಂಗ್ ಟಾಕೀಸಿಗೆ ತಾನೇ ಬರೆದಿದ್ದ ಹಳೆಯ ಬ್ಯಾನರನ್ನು ಅವನು ಸೈಕಲ್ಲಿಗೆ ಕಟ್ಟಿ ತಂದು ಇಳಿಬಿಟ್ಟ. ಗೋಡೆ ತುಂಬ ದಪ್ಪ ಮೀಸೆಯ ಖಳನಾಯಕ!

ಅರಳಗುಪ್ಪೆಯ ಚಿಕ್ಕಗೌರಮ್ಮನ ಸರದಿ ಬಂತು. ಪ್ರೋಟೀನು ಸಾಗುವ ದಾರಿ ಹೇಳಮ್ಮ ಎಂದರು ಪರೀಕ್ಷಕರು. ಹುಡುಗಿ ಖಳನಾಯಕನತ್ತ ತಿರುಗಿ ಕೈ ಚಾಚಿದಳು.

"ಇಲ್ಲಿ ಮೂಗಿನತ್ರ ಕೋಶಕೇಂದ್ರ ಸಾರ್. ಮೀಸೆ ಎಡಗಡೆ ಜಾಲ, ಅದರ ಮೇಲೆ ರೈಬೋಸೋಮು. ಸರ ಮೀಸೆಯೊಳಗೇ ಮಡಚಿಕೊಂಡು ಗಲ್ಲದತ್ರ ಗಾಲ್ಜಿಗೆ ಬರುತ್ತೆ. ಅಲ್ಲಿಂದ ಚೀಲದಲ್ಲಿ ಕಿವಿ ಕಡೆಗೆ ಹೋಗಿ ಹೊರಗೆ ಬೀಳುತ್ತೆ ಸಾರ್."

ರೇವಣಸಿದ್ದಯ್ಯ ಎದ್ದು ಬ್ಯಾನರಿನ ಮೂಲೆ ಎತ್ತಿ ನೋಡಿದರು. ಮೀಸೆಯ ಹಿಂದೆ ಜಾಲ, ಗಲ್ಲದ ಹಿಂದೆ ಗಾಲ್ಜಿ, ಎಲ್ಲ ಅವಳು ಹೇಳಿದಲ್ಲೇ! ನಗು ತಡೆಯಲು ಕರವಸ್ತ್ರ ಬಾಯಿಗೆ ಹಿಡಿದರೂ ಆಗಲಿಲ್ಲ. ಅವರೊಂದಿಗೆ ಇಡೀ ಪ್ರಯೋಗಶಾಲೆ ನಕ್ಕಿತು.

"ಬರೆದೋರು ಯಾರ್ರೀ ಇದನ್ನ?"

ಬಾಗಿಲ ಬಳಿ ನಿಂತಿದ್ದ ಮಾಯಣ್ಣನನ್ನು ಗಿರಿಜಾಂಬಿಕಾ ಮುಂದಕ್ಕೆ ಕರೆದರು.

"ನಮ್ಮ ಕಾಲೇಜಿಗೂ ಬಂದು ಬರೆದುಕೊಡ್ತೀರಾ?"

"ಬತ್ತೀನಿ ಸ್ವಾಮಿ. ಆದ್ರೆ ಯಾರಾದ್ರೂ ಪಕ್ಕದಲ್ಲಿ ಕುಂತು ಇಂಥದ್ದು ಇಂಥ ಕೆಲ್ಸ ಮಾಡ್ತೈತೆ ಅಂತ ಹೇಳ್ಬೇಕು. ಇಲ್ದಿದ್ರೆ ನಾನು ಚಂದ ಮಾಡೋಕೋಗಿ ಕೆಡಿಸ್ಬುಡ್ತೀನಿ."

ಮುಂದಿನ ರಜೆಯಲ್ಲಿ ಅವನು ಬಣ್ಣದ ಡಬ್ಬಗಳೊಂದಿಗೆ ಚಿಕ್ಕನಾಯಕನಹಳ್ಳಿ ಬಸ್ಸು ಹತ್ತಿದ. ರಾಮಲಕ್ಷ್ಮಮ್ಮನೂ ಜೊತೆಗೆ ಹೊರಟಳು. ಅವಳ ತವರು ಅದೇ ದಾರಿಯಲ್ಲಿತ್ತು.