ಶೂಟಿಂಗ್ ಮಾವಶಿಯ ಚಾದರ

ಕಪಾಟಿನ ಮೇಲಿನ ಅರೆಯಿಂದ ಚಾದರ ಎಳೆದ ಕೂಡಲೇ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ದಪ್ಪ ಸೊಲ್ಲಾಪುರಿ ಚಾದರ, ಮೈತುಂಬ ನವಿಲು, ನಾಲ್ಕೂ ಮೂಲೆಗೆ ಮೊಳೆ ಹೊಡೆದ ತೂತು. ನಮ್ಮೂರಲ್ಲಿ ಚಾದರಕ್ಕೇನು ಬರ? ಮದುವೆಗೂ ಅದೇ ಉಡುಗೊರೆ, ನಿವೃತ್ತಿಗೂ ಅದೇ. ಆದರೆ ಹೊಸ ಚಾದರಕ್ಕೆ ಕೈಯಾರೆ ಮೊಳೆ ಹೊಡೆಯುವ ಧೈರ್ಯ ಇದ್ದವರು ಒಬ್ಬರೇ.

ನಮ್ಮ ಮೇಲಿನ ಮನೆಯಲ್ಲಿದ್ದ ಅವರು ಓಣಿಗೆಲ್ಲ ಶೂಟಿಂಗ್ ಮಾವಶಿ. ಮಾವಶಿ ಎಂದರೆ ತಾಯಿಯ ತಂಗಿ. ನನ್ನ ತಾಯಿಗೂ ಅವರಿಗೂ ರಕ್ತಸಂಬಂಧ ಏನೂ ಇರಲಿಲ್ಲ, ಬೇಸಿಗೆಯಲ್ಲಿ ಒಟ್ಟಿಗೆ ಹಪ್ಪಳ ಒಣಹಾಕುವ ಸಂಬಂಧ ಅಷ್ಟೆ. ಸ್ವಂತ ಅಣ್ಣನ ಫೋಟೋ ಸ್ಟುಡಿಯೋದಲ್ಲಿ ಮದುವೆಗೆ ಲೈಟು ಹಿಡಿಯಲು ಹೋದವರು, ಅಣ್ಣನಿಗೆ ಬೆನ್ನುನೋವು ಬಂದಾಗ ಕ್ಯಾಮೆರಾ ಹೆಗಲಿಗೇರಿಸಿಕೊಂಡರು, ಮತ್ತೆ ಇಳಿಸಲಿಲ್ಲ. ಮದುವೆ ಮಾಡಿಕೊಳ್ಳಲಿಲ್ಲ. ಯಾರಾದರೂ ಕೆದಕಿದರೆ, "ವಾರಕ್ಕೊಂದು ಮದುವಿ ಮಾಡಾಕತ್ತೀನಲ್ಲ, ಸಾಲದೇನ್ರಿ?" ಎನ್ನುತ್ತಿದ್ದರು.

ಒಮ್ಮೆ ಪುಣೆಯಲ್ಲಿ ಸಿನಿಮಾ ಉತ್ಸವ ನೋಡಿ ಬಂದರು. ಚಪ್ಪಲಿ ಕಳೆಯದೆ ನಮ್ಮ ಅಡಿಗೆಮನೆಗೇ ನುಗ್ಗಿದರು. ಮುಖ ಜಾತ್ರೆಯಿಂದ ಬಂದ ಹುಡುಗಿಯ ಹಾಗೆ ಹೊಳೆಯುತ್ತಿತ್ತು.

"ನೋಡವಾ, ಬರ್ಫದ ನಾಡಿನ ಮಂದಿ. ಇನ್ಯೂಟ್ ಅಂತಾರ. ಅವರ ಪೈಕಿ ಹೆಣಮಗಳೇ ಕ್ಯಾಮೆರಾ ಹಿಡದಾಳ, ಅವರ ಮುದುಕ್ಯಾರ್ನೇ ಮಾತಾಡಿಸ್ಯಾಳ. ಒಂದ್ ಮಾತೂ ಬ್ಯಾರೆ ಭಾಷಾದಾಗ ಇಲ್ಲ, ತಳಗ ಅಕ್ಷರ ಬರ್ತಾವ. ಜಗತ್ತೆಲ್ಲ ಕುಂತು ಓದಾಕತ್ತೈತಿ! ಅಲ್ಲಿ ಹಲ್ಲು ಕಡಕಡ ಅನ್ನೋ ಥಂಡಿಯೊಳಗ ಅವರು ಮಾಡ್ಯಾರ. ನಮಗೇನ ಧಾಡಿ?"

ನಮಗೆ ಧಾಡಿ ಇತ್ತು. ಸೊಲ್ಲಾಪುರದಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಮಕ್ಕಳು ಕಲಿಯುವ ಸಾಲಿಯೂ ಮರಾಠಿಯದೇ. ಮದುವೆಯಲ್ಲಿ ಗಂಡನ ಹೆಸರನ್ನು ಪದ್ಯದಲ್ಲಿ ಕಟ್ಟಿ ಹೇಳುವ ಒಡಪು ಕೂಡ ಮರಾಠಿಗೆ ತಿರುಗಿತ್ತು. ವಧುಗಳು ಮೊಬೈಲು ನೋಡಿಕೊಂಡು ಗಿಣಿಪಾಠ ಒಪ್ಪಿಸುತ್ತಿದ್ದರು. ಮಾವಶಿ ವರ್ಷಗಟ್ಟಲೆ ಅದನ್ನೇ ಶೂಟ್ ಮಾಡಿ ಬೇಸತ್ತಿದ್ದರು. ಕನ್ನಡದ ಒಡಪು ಉಳಿದದ್ದು ಮುದುಕಿಯರ ಬಾಯಲ್ಲಿ ಮಾತ್ರ... ಅದನ್ನೇ ಸಿನಿಮಾ ಮಾಡುತ್ತೇನೆಂದು ಹೊರಟರು.

ಮರಾಠಿಯಲ್ಲಿ ಮಾಡಿ, ನಡೆಯುತ್ತದೆ ಎಂದರು ಪುಣೆಯ ಸಿನಿಮಾದವರು. ಬೆಂಗಳೂರಿನಿಂದ ಫೋನು ಮಾಡಿದ ಒಬ್ಬ ಮಹಾನುಭಾವರು, ಈ ಕನ್ನಡ ನಮ್ಮ ಕಡೆ ಅರ್ಥವಾಗಲ್ಲ, ಶುದ್ಧ ಕನ್ನಡದಲ್ಲಿ ಡಬ್ ಮಾಡಿಸಿ ಎಂದರು. ಮಾವಶಿ ನಕ್ಕುಬಿಟ್ಟರು. "ನಿಮಗೂ ತಳಗ ಅಕ್ಷರ ಹಾಕಿಸ್ತೀನಿ ಬಿಡ್ರಿ. ಓದಾಕರೆ ಬರ್ತೈತಲ್ಲ?"

ನವಿಲಿನ ಚಾದರ ಬಂದದ್ದು ಆಗ. ಸೊಲ್ಲಾಪುರದ ಯಾವ ಓಣಿಗೆ ಹೋದರೂ ಪಕ್ಕದಲ್ಲೊಂದು ಪವರ್‌ಲೂಮು ಖಟಖಟ ಎನ್ನುತ್ತಿರುತ್ತದೆ. ಕಿಟಕಿ, ಬಾಗಿಲುಗಳಿಗೆ ದಪ್ಪ ಚಾದರ ಜಡಿದರೆ ಸದ್ದು ಸ್ವಲ್ಪ ಅಡಗುತ್ತಿತ್ತು. ಅಷ್ಟಾದರೂ ಒಳ್ಳೆಯ ಮಾತು ಬಂದಾಗಲೇ ಹೊರಗೆ ಏನಾದರೂ ಕೂಗಬೇಕು! ಆಗ ಮಾವಶಿ ಕಿವಿಯ ಹೆಡ್‌ಫೋನ್ ಸರಿಸಿ, "ಇನ್ನೊಮ್ಮೆ ಹೇಳವಾ, ರಿಕ್ಷಾ ಹೋತು" ಎನ್ನುತ್ತಿದ್ದರು. ಹೋಟಗಿಯಲ್ಲಿ ಒಬ್ಬ ಹಿರಿಯಳು "ಹೋಟಗಿ ಟೇಷನ್‌ದಾಗ ನಿಂತೈತಿ ಗಾಡಿ, ಮಲ್ಲಣ್ಣನವರು ನಾನು ಬಿಡದಂಥ ಜೋಡಿ" ಎಂದು ಹೇಳಿ ಮುಗಿಸುವಷ್ಟರಲ್ಲಿ ನಿಜವಾದ ಗಾಡಿಯೇ ಕೂಗಿತು. ಮತ್ತೆ ಹೇಳಿಸಿದರು, ಮತ್ತೆ ಗಾಡಿ. ಕೊನೆಗೆ ಆಕೆಯೇ, "ಅದೂ ಒಡಪ ಹೇಳಾಕತ್ತೈತಿ, ಇರ್ಲಿ ಬಿಡವಾ" ಎಂದಳು.

ಅಕ್ಕಲಕೋಟದ ಆಚೆ ಕರಜಗಿಯಲ್ಲಿ ನಮ್ಮ ದೊಡ್ಡಪ್ಪನ ಮನೆ. ಅಲ್ಲಿ ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ ಇದ್ದಳು. ಬ್ಯಾಂಕಿಗೆ ರಜೆ ಹಾಕಿ ಮಾವಶಿಯನ್ನು ನಾನೇ ಕರೆದುಕೊಂಡು ಹೋದೆ. ಓಣಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು, ನಾಚಿ, ನಕ್ಕು, ಒಡಪು ಹೇಳಿ ಹೋದರು. ಅಜ್ಜಿ ಮೂಲೆಯಲ್ಲಿ ಕೂತು ಮರೆತವರಿಗೆ ಪದ ನೆನಪು ಮಾಡಿಕೊಡುತ್ತಿದ್ದಳು. ಎಲ್ಲ ಮುಗಿದ ಮೇಲೆ ಮಾವಶಿ ಅವಳ ಕಡೆ ತಿರುಗಿದರು.

"ಆಯಿ, ಇನ್ನ ನಿಮ್ಮದು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜ ತೀರಿಹೋಗಿ ಬಹಳ ಕಾಲವಾಗಿತ್ತು. ಗಂಡ ಹೋದವಳನ್ನು ನಮ್ಮಲ್ಲಿ ಯಾರೂ ಒಡಪು ಕೇಳುವುದಿಲ್ಲ. ಬೈದು ತಡೆಯುವುದೂ ಇಲ್ಲ, ಸುಮ್ಮನೆ ಅವಳನ್ನು ದಾಟಿ ಪಕ್ಕದವಳನ್ನು ಕೇಳುತ್ತಾರೆ. ನಾನೂ ಎಷ್ಟೋ ಮದುವೆಗಳಲ್ಲಿ ಅದನ್ನು ನೋಡಿದ್ದೆ, ಅದೊಂದು ಸಂಗತಿ ಎಂದೇ ಅನಿಸಿರಲಿಲ್ಲ.

"ನನ್ನೇನ್ ಕೇಳ್ತಿಯವಾ, ಮುತ್ತೈದ್ಯಾರನ್ನ ಕೇಳು," ಎಂದಳು ಅಜ್ಜಿ.

"ಗಂಡ ಸತ್ತರ ಹೆಸರೂ ಸಾಯ್ತೈತೇನ ಆಯಿ?"

ಅಜ್ಜಿ ಬಾಗಿಲ ಕಡೆ ನೋಡಿದಳು. ಹೊರಗೆ ಕಟ್ಟೆಯ ಮೇಲೆ ದೊಡ್ಡಪ್ಪ, ಊರ ಗಂಡಸರು. ಮಾವಶಿ ಎದ್ದುಹೋಗಿ, ಅರ್ಧ ಸರಿದಿದ್ದ ನವಿಲಿನ ಚಾದರವನ್ನು ಬಾಗಿಲ ತುಂಬ ಎಳೆದರು. ಅಜ್ಜಿ ಸೆರಗು ಸರಿಮಾಡಿಕೊಂಡಳು. ಬೆನ್ನು ನೆಟ್ಟಗೆ ಮಾಡಿ ಹೇಳಿದಳು:

"ಕರಿಯ ಮಣ್ಣಾಗ ಬಿಳಿಯ ಜ್ವಾಳ, ತೆನಿ ತೂಗತೈತಿ ಗಾಳ್ಯಾಗ,
ಸಿದ್ರಾಮಪ್ಪನವರ ಹೆಸರ ಐತಿ ನನ್ನ ನಾಲಿಗಿ ತುದಿಯಾಗ."

ಸರಿಯಾಗಿ ಹೆಸರಿನ ಹೊತ್ತಿಗೆ ಎಸ್‌ಟಿ ಬಸ್ಸು ಹಾರ್ನು ಹೊಡೆಯಿತು. ಇನ್ನೊಮ್ಮೆ ಹೇಳು ಎನ್ನುತ್ತಾರೆಂದು ನಾನು ಮಾವಶಿಯ ಮುಖ ನೋಡಿದೆ. ಅವರು ಅನ್ನಲಿಲ್ಲ. ಕಣ್ಣೊರೆಸಿಕೊಂಡು ಹೆಡ್‌ಫೋನ್ ಕೆಳಗಿಟ್ಟರು. ಆ ಹಾರ್ನು ಸಿನಿಮಾದಲ್ಲಿ ಇಂದಿಗೂ ಇದೆ.

ಸಿನಿಮಾ ಸಿದ್ಧವಾಯಿತು. ಮೊದಲು ಕರಜಗಿಯ ಸಾಲಿಯ ಅಂಗಳದಲ್ಲೇ ತೋರಿಸಬೇಕೆಂದು ಮಾವಶಿಯ ಹಟ. ಅಜ್ಜಿಯ ಒಡಪೂ ಅದರಲ್ಲಿದೆ ಎಂಬ ಸುದ್ದಿ ದೊಡ್ಡಪ್ಪನಿಗೆ ಅಷ್ಟರಲ್ಲಿ ತಲುಪಿತ್ತು. ಬಸ್ಸಿಳಿದವರಿಗೆ ನೀರು ಕೊಡುವ ಮೊದಲೇ ಶುರುಮಾಡಿದ.

"ಅದೊಂದು ತಗೀರಿ ಬಾಯಾರ. ಊರಾಗ ನಾ ಹೆಂಗ ತಲಿ ಎತ್ತಿ ತಿರಗಾಡ್ಲಿ? ಮುಪ್ಪಿನ ಕಾಲಕ್ಕ ಮುದುಕಿಗಿ ಹುಚ್ಚು ಹಿಡದೈತಿ ಅಂತಾರ."

ಮಾವಶಿಯ ಮುಖ ಬಿಳುಚಿತು. ಆ ಒಂದು ಒಡಪು ಹೋದರೆ ಉಳಿಯುವುದು ಮದುವೆಯ ಕ್ಯಾಸೆಟ್ಟು, ಸಿನಿಮಾ ಅಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ಜಗಳ ಆಡಲಿಲ್ಲ. "ಆಯಿ ತಗಿ ಅಂದ್ರ ಈಗಿಂದೀಗ ತಗೀತೀನ್ರಿ. ನೀವ್ ಅಂದ್ರ ತಗಿಯಂಗಿಲ್ಲ," ಎಂದರು.

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅವಳು ಶೇಂಗಾ ಸುಲಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ನಿಮ್ಮಪ್ಪ ಸತ್ತಾಗ ಕುಂಕುಮ ಅಳಿಸಿದ್ರಿ, ಬಳಿ ಒಡದ್ರಿ. ನಾ ಏನರೆ ಅಂದೆನೇನಪ? ಹೆಸರೊಂದು ನನ್ನ ಕಡೆ ಉಳದೈತಿ. ಅದನ್ನ ತಗೀಬ್ಯಾಡ."

ದೊಡ್ಡಪ್ಪ ಅಂಗಳಕ್ಕೆ ಹೋಗಿ ಎತ್ತಿಗೆ ಮೇವು ಹಾಕತೊಡಗಿದ. ಆಗಷ್ಟೇ ಹಾಕಿದ್ದ ಮೇವಿನ ಮೇಲೆ ಮತ್ತೆ ಹಾಕುತ್ತಿದ್ದ.

ಅಂದು ಸಂಜೆ ಸಾಲಿಯ ಅಂಗಳ ತುಂಬಿತ್ತು. ಪರದೆಯ ಮೇಲೆ ಅಜ್ಜಿ ಬಂದಾಗ ಯಾರೂ ನಗಲಿಲ್ಲ. ಒಡಪು ಮುಗಿದು, ಹಾರ್ನೂ ಮುಗಿದ ಮೇಲೆ ಹೆಂಗಸರ ಸಾಲಿನ ಹಿಂದಿನಿಂದ ಹಣೆ ಬರಿದಾದ ಮುದುಕಿಯೊಬ್ಬಳು ಎದ್ದು ಮಾವಶಿಗೆ ಗದರಿದಳು: "ಏ ಬಾಯಿ, ನಂದು ಯಾವಾಗ ಸಿನಿಮಾ ತಗೀತಿ?" ಆಗ ಎದ್ದ ನಗೆ... ಮಾವಶಿ ಆಮೇಲೆ ಎಲ್ಲೆಲ್ಲೋ ಚಪ್ಪಾಳೆ ಪಡೆದರು, ನಂದೇಶ್ವರದ ಕಡೆಯ ಹಳ್ಳಿಗಳಿಗೂ ಹೋಗಿ ಮುದುಕಿಯರನ್ನು ಮಾತಾಡಿಸಿ ಇನ್ನೊಂದು ಸಿನಿಮಾ ಮಾಡಿದರು. ಆದರೆ ಆ ಗದರಿಕೆಯೇ ತಮಗೆ ಸಿಕ್ಕ ಪ್ರಶಸ್ತಿ ಎಂದು ಕೊನೆಯವರೆಗೂ ಹೇಳುತ್ತಿದ್ದರು. ಮರುದಿನ ದೊಡ್ಡಪ್ಪನೂ ಚಹಾದ ಹೋಟೆಲಿನಲ್ಲಿ "ನಮ್ಮಪ್ಪನ ಹೆಸರು ಇಡೀ ಊರು ಕೇಳ್ತು ನೋಡ್ರಿ" ಎಂದು ಮೀಸೆ ತಿರುವುತ್ತಿದ್ದನಂತೆ!

ಹಪ್ಪಳ ಒಣಹಾಕುವಾಗ ಒಮ್ಮೆ ನಾನು ಕೇಳಿದ್ದೆ, ನಿಮ್ಮ ಒಡಪು ಯಾವಾಗ ಎಂದು. ಮಾವಶಿ ಕೈಯ ಹಿಟ್ಟು ಕೊಡವಿಕೊಂಡರು. "ಹೆಂಗಸರು ಗಂಡಸರ ಹೆಸರಿಗೆ ಕಟ್ಟಿದ್ದೇ ಕಟ್ಟಿದ್ದು. ನಮ್ಮ ಹೆಸರಿಗಿ ಯಾವಳರೆ ಒಂದು ಕಟ್ಟ್ಯಾಳೇನು?" ನಗುತ್ತಲೇ ಅಂದರು. ನಾನೂ ನಕ್ಕೆ.

ಅಜ್ಜಿ ಈಗಿಲ್ಲ. ಮಾವಶಿಯೂ ಹೋದ ವರ್ಷ ಹೋಗಿಬಿಟ್ಟರು. ಮೇಲಿನ ಮನೆಗೆ ಬೇರೆಯವರು ಬಂದಿದ್ದಾರೆ, ಮಹಡಿಯಲ್ಲಿ ಹಪ್ಪಳ ಒಣಹಾಕುವವರಿಲ್ಲ. ಚಾದರ ಮಾತ್ರ ನನ್ನ ಪಾಲಿಗೆ ಬಂತು.

ಇವತ್ತು ಅದನ್ನು ಕಿಟಕಿಗೆ ಜಡಿದೆ. ಹಳೆಯ ತೂತುಗಳಿಗೇ ಮೊಳೆ ಕೂತವು. ಮೊಬೈಲನ್ನು ಡಬ್ಬಿಗೆ ಒರಗಿಸಿ, ರೆಕಾರ್ಡಿಂಗ್ ಒತ್ತಿ, ವಾರವೆಲ್ಲ ಕೂಡಿಸಿ ಅಳಿಸಿ ಕಟ್ಟಿದ ಒಡಪನ್ನು ಹೇಳಿದೆ. ಮೊದಲ ಸಾಲಿನಲ್ಲಿ ಹಪ್ಪಳವಿದೆ, ನವಿಲಿದೆ. ಎರಡನೆಯದರಲ್ಲಿ ಮಾವಶಿಯ ಹೆಸರಿದೆ. ಇಲ್ಲಿ ಬರೆಯುವುದಿಲ್ಲ, ಒಡಪು ಬಾಯಿಬಿಟ್ಟು ಹೇಳುವಂಥದ್ದು. ಹೇಳಿದೆ, ಓಣಿಗೆ ಕೇಳುವಷ್ಟು ಜೋರಾಗಿ. ಹೆಸರಿನ ಹೊತ್ತಿಗೆ ಕೆಳಗೆ ರಿಕ್ಷಾ ಹೋಯಿತು.

ಕಾಯುತ್ತ ನಿಂತೆ. ಇನ್ನೊಮ್ಮೆ ಹೇಳವಾ ಎನ್ನುವವರು ಇರಲಿಲ್ಲ. ಇನ್ನೊಮ್ಮೆ ಹೇಳಿದೆ.