ಹೋಗಿ ಬಂದ ಬಟ್ಟಲು

ಟಿಕೋಟಾದಲ್ಲಿ ನಮ್ಮ ಪಕ್ಕದ ತೋಟದ ಮನೆಗೆ ಸೊಸೆಯಾಗಿ ಬಂದ ಅನುರಾಧಾ ವಿಜಯಪುರದಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು. ತವರಿನಿಂದ ತಂದ ಸಾಮಾನಿನಲ್ಲಿ ಸೀರೆಗಿಂತ ವೈರೇ ಹೆಚ್ಚು. ಮಾವ ಶಿವಯೋಗೆಪ್ಪನ ದ್ರಾಕ್ಷಿ ತೋಟಕ್ಕೆ ಅವಳೊಂದು ಪೆಟ್ಟಿಗೆ ಮಾಡಿದಳು. ಅದರೊಳಗಿನ ಚಿಪ್ ಮಣ್ಣಿನ ಹಸಿ ನೋಡಿ, ಒಣಗಿದ ಸಾಲಿನ ವಾಲ್ವ್ ತಾನೇ ತೆರೆಯಬೇಕು. ತೆರೆದರೆ ಮನೆಯ ಮುಂದಿನ ಕೋಣೆ ಸೊಸೆಯ ರಿಪೇರಿ ಅಂಗಡಿಗೆ. ಇಲ್ಲದಿದ್ದರೆ ಅಲ್ಲಿರುವ ಮಣೂಕದ, ಅಂದರೆ ಒಣದ್ರಾಕ್ಷಿಯ, ಡಬ್ಬಿಗಳು ಅಲ್ಲೇ. ಇದು ಮಾವನ ಕರಾರು.

ಮೊದಲ ದಿನ ಒಣಗಿದ್ದು ಎರಡನೆಯ ಸಾಲು. ಪೆಟ್ಟಿಗೆ ತೆರೆದದ್ದು ಏಳನೆಯ ವಾಲ್ವ್. ಅದು ದನ ತೊಳೆಯುವ ನೀರಿನದು, ಅದರ ಕೆಳಗೆ ಶಿವಯೋಗೆಪ್ಪ ಗಡ್ಡ ಬೋಳಿಸಿಕೊಳ್ಳುತ್ತ ಕೂತಿದ್ದ.

"ಎಮ್ಮಿಗಿಂತ ಚಲೋ ತೊಳದೈತಿ ನನ್ನ," ಎಂದ. "ಐತವಾರ ಇನ್ನೊಮ್ಮೆ ನೋಡ್ತೀನಿ. ಆಮ್ಯಾಲ ಮುಗೀತು."

ಅನುರಾಧಾ ಚಿಪ್‌ಗೆಂದು ಬರೆದ ಪ್ರೋಗ್ರಾಮನ್ನೇ ಮತ್ತೆ ಮತ್ತೆ ಓದಿದಳು. ತಪ್ಪು ಸಿಗಲಿಲ್ಲ.

ಶನಿವಾರ ಅವಳ ಅತ್ತೆ ಮುರಿಗೆವ್ವ ನನಗೆ ಮುಚ್ಚಳದ ಬಟ್ಟಲಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕಳಿಸಿದ್ದಳು. ಬಟ್ಟಲು ಖಾಲಿ ತಿರುಗಿಸುವ ರೂಢಿ ನಮ್ಮಲ್ಲಿಲ್ಲ. ಬೆಲ್ಲದ ಪುಡಿ ತುಂಬಿ, ಅವಳು ರೊಟ್ಟಿ ಬಡಿಯುತ್ತಿರುವಾಗ ಒಲೆಯ ಹತ್ತಿರ ಇಟ್ಟು, ಹೊಸ್ತಿಲಲ್ಲಿ ಕೂತೆ. ಹಾಕಿಕೊಂಡರೆ ಮುದುಕಿಯಾದಂತೆ ಎಂದು ಕನ್ನಡಕವನ್ನೇ ಹಾಕದ ಮುರಿಗೆವ್ವ, ತನ್ನ ಬಟ್ಟಲು ತನ್ನ ಹಿಂಡಿ ಎಂದು ಗಂಡನ ರೊಟ್ಟಿಯ ಮೇಲೆ ಸುರಿದಳು. ನಾನು ಬಾಯಿ ತೆರೆಯಬಹುದಿತ್ತು. ಆದರೆ ಆಟ ನೋಡುವ ಆಸೆ.

ಶಿವಯೋಗೆಪ್ಪ ಉಳ್ಳಾಗಡ್ಡಿ ಕಡಿದು ತುತ್ತಿಟ್ಟವನು ಅಗಿಯುವುದನ್ನೇ ಬಿಟ್ಟ. "ಹಿಂಡಿಗೆ ಬೆಲ್ಲ ಯಾಕ ಹಾಕೀದಿ?"

"ನನ್ನ ಬಟ್ಟಲದಾಗ ಹಿಂಡಿನ ಇಟ್ಟಿದ್ನಿರಿ!"

"ಅತ್ತಿ, ಅದು ಹೋಗಿ ಬಂದ ಬಟ್ಟಲ ರೀ," ಎಂದು ನಗತೊಡಗಿದ ಅನುರಾಧಾ ಅರ್ಧಕ್ಕೇ ನಗು ನಿಲ್ಲಿಸಿದಳು. "ಅಯ್ಯ! ನಾನೂ ಇದನ್ನ ಮಾಡೀನಲ್ರಿ!"

ಅವಳು ಬಿಡಿಸಿ ಹೇಳಿದ್ದು ಹೀಗೆ: ಚಿಪ್‌ನೊಳಗೆ ರೆಜಿಸ್ಟರ್ ಎಂಬ ಪುಟ್ಟ ಬಟ್ಟಲುಗಳಿವೆ. ಪ್ರೋಗ್ರಾಮಿನ ಒಂದು ಭಾಗ, ಅಂದರೆ ಫಂಕ್ಷನ್, ಇನ್ನೊಂದಕ್ಕೆ ಕೆಲಸ ಹೇಳುವಾಗ, ಕೊಡುವುದನ್ನು ಮೊದಲ ನಾಲ್ಕರಲ್ಲಿ ಇಟ್ಟು ಕೊಡಬೇಕು. ಉತ್ತರ ಮಾತ್ರ ಮೊದಲನೆಯ ಬಟ್ಟಲಲ್ಲೇ ಬರುತ್ತದೆ. ಇವಳು ಅದರಲ್ಲಿ ಸಾಲಿನ ಅಂಕೆ ಎರಡು ಎಂದಿಟ್ಟು, ಹಸಿ ಎಷ್ಟು ಎಂದು ಕೇಳಿಸಿದ್ದಳು. ಹಸಿ ಏಳು ಎಂದು ಉತ್ತರ ಬಂದು ಅದರಲ್ಲೇ ಕೂತಿತು. ಅದನ್ನೇ ಸಾಲಿನ ಅಂಕೆ ಎಂದು ವಾಲ್ವಿಗೆ ಕಳಿಸಿದ್ದಳು.

"ಹಂಗಾರ ಆ ಎರಡನ್ನ ಎಲ್ಲಿಡತಿ ಈಗ?" ಶಿವಯೋಗೆಪ್ಪ ಬಾಯಿ ಮುಕ್ಕಳಿಸುತ್ತ ಕೇಳಿದ.

"ಐದನೇ ಬಟ್ಟಲದಾಗ ರೀ, ಮಾವಾರ. ಅದನ್ನ ಯಾರ ಬಳಸಿದ್ರೂ ಹೋಗೂಮುಂದ ಮದಲಿದ್ದಂಗ ಇಟ್ಟ ಹೋಗಬೇಕು."

ಮುರಿಗೆವ್ವ ನನ್ನತ್ತ ತಿರುಗಿದಳು. "ಸಾವಂತ್ರವ್ವಾ, ಇನ್ನ ಮ್ಯಾಲ ನಿನಗ ಐದನೇ ಬಟ್ಟಲನ ಕಳಸ್ತೀನಿ ನೋಡು."

ಐತವಾರ ಶಿವಯೋಗೆಪ್ಪ ಅದೇ ಜಾಗದಲ್ಲಿ ಗಡ್ಡಕ್ಕೆ ಸಾಬೂನು ಹಚ್ಚಿ, ಬಿಸಿಲಲ್ಲಿ ಕೊಡೆ ಬಿಡಿಸಿ ಕೂತ. ಪೆಟ್ಟಿಗೆ ಟಕ್ ಎಂದಿತು. ಕೊಡೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ಎರಡನೆಯ ಸಾಲು ತೊಟ್ಟಿಕ್ಕತೊಡಗಿತು.

ಅವನು ನಿಧಾನಕ್ಕೆ ಕೊಡೆ ಮಡಚಿದ. "ಏ, ಆ ಮಣೂಕದ ಡಬ್ಬಿ ತಗಸು ಕ್ವಾಣ್ಯಾಗಿಂದ."

"ನೀವ ತಗೀರಿ," ಎಂದಳು ಮುರಿಗೆವ್ವ. "ಕೊಡಿ ಹಿಡಿಯೂ ಕೆಲಸ ಮುಗೀತಲ್ಲ, ಕೈ ಖಾಲಿನ ಅದಾವು."